ಬೀಗರ ಕಾರ್ಡು ನನ್ನ ಕೈಯಲ್ಲಿ

ನನಗೆ ಎಣಿಸಲು ಬರುವುದಿಲ್ಲ ಎಂದರೆ ಸೊಲ್ಲಾಪುರದಲ್ಲಿ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಮೂವತ್ತೆರಡು ವರ್ಷದಿಂದ ಟವೆಲು ಮಾರುತ್ತಿದ್ದೇನೆ. ಗಂಟು ಬಿಚ್ಚದೆ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ಇಷ್ಟು ಡಜನ್ ಎಂದು ಹೇಳಿಬಿಡುತ್ತೇನೆ, ಒಂದೂ ಹೆಚ್ಚುಕಡಿಮೆ ಆಗುವುದಿಲ್ಲ. ಆದರೆ ಅದು ಬೇರೆಯವರು ನೇಯ್ದ ಟವೆಲಿನ ಮಾತು. ನಾನೇ ಮಾಡುತ್ತಿರುವ ಕೆಲಸವನ್ನು ಮಾಡುತ್ತ ಮಾಡುತ್ತ ಎಣಿಸು ಎಂದರೆ ಐದರ ಆಚೆ ನನ್ನ ತಲೆ ಕೈಕೊಡುತ್ತದೆ. ಕುಕ್ಕರಿನ ಸೀಟಿ ಎಣಿಸಲು ನನ್ನನ್ನು ಕೂರಿಸಿದ ದಿನ ನಮ್ಮ ಮನೆಯಲ್ಲಿ ಬೇಳೆ ಬೇಯುವುದಿಲ್ಲ. ಗುಡಿಯಲ್ಲಿ ಹನ್ನೊಂದು ಪ್ರದಕ್ಷಿಣೆ ಎಂದು ಹೊರಟವನು ಎಂಟಕ್ಕೇ ನಮಸ್ಕಾರ ಹಾಕಿ ಚಪ್ಪಲಿ ಹುಡುಕುತ್ತಿರುತ್ತೇನೆ. ಮಿರ್ಚಿ ಭಜಿ ಎಷ್ಟು ತಿಂದಿರಿ ಎಂದು ಡಾಕ್ಟರು ಕೇಳಿದರೆ ನಾಲ್ಕು ಎನ್ನುತ್ತೇನೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಶಾಂತಾ ಒಂಬತ್ತು ಎನ್ನುತ್ತಾಳೆ. ಇದು ಮರೆವು ಎಂದು ನಾನು, ಮರೆವಾಗಿದ್ದರೆ ಒಮ್ಮೆಯಾದರೂ ನಿಮಗೆ ನಷ್ಟವಾಗುವ ಕಡೆಗೆ ತಪ್ಪಬೇಕಿತ್ತಲ್ಲ ಎಂದು ಅವಳು. ಈ ವಾದ ನಮ್ಮ ಮದುವೆಯಷ್ಟೇ ಹಳೆಯದು.

ಇಂಥ ಮನುಷ್ಯ ಗಾಲ್ಫ್ ಆಡಲು ಹೋಗಬಾರದು. ಹೋದದ್ದಕ್ಕೆ ಕಾರಣ ಸಕ್ಕರೆ ಕಾಯಿಲೆ. ದಿನಾ ಒಂದು ತಾಸು ನಡೆಯಿರಿ ಎಂದರು ಡಾಕ್ಟರು. ನಮ್ಮ ಊರಿನಲ್ಲಿ ಸುಮ್ಮನೆ ನಡೆಯುವುದು ಸಾಧ್ಯವೇ ಇಲ್ಲ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಪರಿಚಯದವರು ಯಾರಾದರೂ ಸ್ಕೂಟರ್ ನಿಲ್ಲಿಸಿ, "ಯಾಕ್ರಿ ಸಾವ್ಕಾರ್ರ, ಗಾಡಿ ಕೆಟ್ಟೈತೇನು? ಹತ್ರಿ ಹತ್ರಿ" ಎನ್ನುತ್ತಾರೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಒಂದು ತಿಂಗಳು ನಾನು ದಿನಾ ನಡೆಯಲು ಹೊರಟು ದಿನಾ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ. ಆಗ ಸಿಕ್ಕವರು ದೇಶಪಾಂಡೆ ಸಾಹೇಬರು. ನೀರಾವರಿ ಖಾತೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅಕ್ಕಲಕೋಟ ರಸ್ತೆಯ ಬದಿಗೆ ಅವರದೊಂದು ಕಲ್ಲುಗಲ್ಲಾದ ಮಾಳವಿದೆ. ಅಲ್ಲಿ ಜೋಳವೂ ಬರಲಿಲ್ಲ, ತೊಗರಿಯೂ ಬರಲಿಲ್ಲ. ಕೊನೆಗೆ ಅವರು ಅದರಲ್ಲಿ ಒಂಬತ್ತು ಕುಳಿ ತೋಡಿ, ಒಂಬತ್ತು ಬಾವುಟ ನೆಟ್ಟು, ಗಾಲ್ಫ್ ಮೈದಾನ ಎಂದು ಹೆಸರಿಟ್ಟರು.

ಟೀವಿಯಲ್ಲಿ ಕಾಣುವ ಹಸಿರು ಮೈದಾನವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಬಿಡಿ. ನಮ್ಮಲ್ಲಿ ಹುಲ್ಲು ವರ್ಷಕ್ಕೆ ಎರಡು ತಿಂಗಳು ಬಂದುಹೋಗುವ ನೆಂಟ. ಕುಳಿಯ ಸುತ್ತ ಮರಳಿಗೆ ಹಳೆಯ ಎಂಜಿನ್ ಎಣ್ಣೆ ಬೆರೆಸಿ ತಟ್ಟಿದ ಕರಿಯ ಅಂಗಳ. ಉಳಿದದ್ದೆಲ್ಲ ಕಲ್ಲು, ಮಣ್ಣು, ಜಾಲಿ ಕಂಟಿ. ಬಂದ ಅಷ್ಟಿಷ್ಟು ಹುಲ್ಲನ್ನು ಕತ್ತರಿಸಲು ಯಂತ್ರವಿಲ್ಲ, ಹನ್ನೂರಿನ ಮಾಳಪ್ಪನ ಕುರಿಗಳಿವೆ. ಮಾಳಪ್ಪ ನಮಗಿಂತ ಮೊದಲಿನಿಂದಲೂ ಆ ಮಾಳದಲ್ಲಿ ಕುರಿ ಮೇಯಿಸುತ್ತಿದ್ದವನು. ಹೀಗಾಗಿ ಗಾಲ್ಫ್ ನಡೆಯುವುದು ಅವನ ಅನುಮತಿಯಿಂದ ಎಂದೇ ಅವನ ನಂಬಿಕೆ. ಬಾಗಿಲಲ್ಲಿ ಸ್ಥಳೀಯ ನಿಯಮಗಳ ಒಂದು ಬೋರ್ಡು ಇದೆ. ಚೆಂಡು ಕುರಿಹಿಕ್ಕೆಯ ಮೇಲೆ ಬಿದ್ದರೆ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳಬಹುದು. ಕುರಿ ಚೆಂಡನ್ನು ಒದ್ದರೆ ಮೊದಲಿದ್ದ ಜಾಗದಲ್ಲೇ ಮತ್ತೆ ಇಡಬೇಕು. ಟಗರಿನ ಜೊತೆ ವಾದಕ್ಕೆ ನಿಲ್ಲಬಾರದು. ಈ ಮೂರನೆಯದು ಒಬ್ಬ ವಕೀಲರಿಗೆ ಆದ ಅನುಭವದ ನಂತರ ಸೇರಿಸಿದ್ದು.

ಆಟ ಸುಲಭ. ಚೆಂಡು ಕುಳಿಗೆ ಬೀಳುವವರೆಗೆ ಹೊಡೆಯುತ್ತ ಹೋಗಬೇಕು, ಯಾರದು ಕಡಿಮೆ ಹೊಡೆತವೋ ಅವರು ಗೆದ್ದರು. ಕಷ್ಟವಿರುವುದು ಕಾರ್ಡಿನಲ್ಲಿ. ಗಾಲ್ಫಿನಲ್ಲಿ ಅಂಪೈರ್ ಇರುವುದಿಲ್ಲ. ಸ್ಪರ್ಧೆಯ ದಿನ ಜೋಡಿ ಮಾಡಿ ಕಳಿಸುತ್ತಾರೆ. ಹೊರಡುವ ಮೊದಲು ಇಬ್ಬರೂ ಕಾರ್ಡು ಅದಲುಬದಲು ಮಾಡಿಕೊಳ್ಳಬೇಕು. ನನ್ನ ಹೊಡೆತಗಳನ್ನು ನೀವು ಬರೆಯುವುದು, ನಿಮ್ಮವನ್ನು ನಾನು. ಆಟ ಮುಗಿದ ಮೇಲೆ ನಿಮ್ಮ ಕಾರ್ಡು ನೀವು ನೋಡಿ, ಸರಿಯಿದೆ ಎಂದು ಸಹಿ ಹಾಕಿ ಕೊಡಬೇಕು. ಇಲ್ಲೊಂದು ಕೊಕ್ಕೆ ಇದೆ. ಹೊಡೆದದ್ದಕ್ಕಿಂತ ಹೆಚ್ಚು ಬರೆದ ಕಾರ್ಡಿಗೆ ಸಹಿ ಹಾಕಿದರೆ ಆ ಹೆಚ್ಚೇ ನಿಮ್ಮ ಹಣೆಬರಹ, ಅಷ್ಟಕ್ಕೇ ಮುಗಿಯಿತು. ಒಂದೇ ಒಂದು ಹೊಡೆತ ಕಡಿಮೆ ಇದ್ದ ಕಾರ್ಡಿಗೆ ಸಹಿ ಹಾಕಿದಿರೋ, ಸ್ಪರ್ಧೆಯಿಂದಲೇ ಹೊರಗೆ. ಗೊತ್ತಿದ್ದೂ ಹಾಗೆ ಬರೆದುಕೊಟ್ಟವನೂ ಹೊರಗೆ. ಹೊರಗೆ ಹೋದವರ ಹೆಸರನ್ನು ದೇಶಪಾಂಡೆ ಸಾಹೇಬರು ಬೇವಿನ ಮರಕ್ಕೆ ತೂಗುಹಾಕಿದ ಕರಿಹಲಗೆಯ ಮೇಲೆ ಬರೆದು, ಮುಂದೆ ದಪ್ಪ ಅಕ್ಷರದಲ್ಲಿ ‘ಬಾದ’ ಎಂದು ಮರಾಠಿಯಲ್ಲಿ ಬರೆಯುತ್ತಾರೆ. ಮುಂದಿನ ಸ್ಪರ್ಧೆಯವರೆಗೆ ಅದನ್ನು ಅಳಿಸುವುದಿಲ್ಲ. ಹೋದ ಸಲ ಬಾದ ಆದ ಹಲ್ಲಿನ ಡಾಕ್ಟರೊಬ್ಬರು ಮೂರು ತಿಂಗಳು ಆ ರಸ್ತೆಯಲ್ಲಿ ಕಾರಿನ ಗಾಜು ಏರಿಸಿಕೊಂಡೇ ಓಡಾಡಿದರು.

ಇನ್ನು ನಮ್ಮ ಮನೆಯ ವಿಷಯ. ಮಗಳು ವೈಶಾಲಿ ಸೊಲ್ಲಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಕ್ಕಲಕೋಟದಲ್ಲಿ ಔಷಧದ ಅಂಗಡಿ ಇಟ್ಟ ಹುಡುಗನೊಬ್ಬ ಅವಳ ಮನಸ್ಸಿಗೆ ಬಂದಿದ್ದ. ಹುಡುಗನ ಮನಸ್ಸಿಗೆ ಅವಳೂ ಬಂದಿದ್ದಳು. ಅದುವರೆಗೆ ನಾನು ತೋರಿಸಿದ ಏಳು ವರಗಳನ್ನು ಅವಳು ಚಹಾ ಆರುವ ಮೊದಲೇ ಬೇಡ ಎಂದಿದ್ದಳು. (ಶಾಂತಾಳ ಪ್ರಕಾರ ಹನ್ನೊಂದು.) ಎರಡೂ ಮನೆಯವರು ಒಮ್ಮೆ ಹೋಗಿಬಂದು ಮಾಡಿ, ಸಾಕರಪುಡಾ ಯಾವಾಗ, ಅಂದರೆ ನಿಶ್ಚಿತಾರ್ಥಕ್ಕೆ ಸಕ್ಕರೆ ಪೊಟ್ಟಣ ಕೊಡುವುದು ಯಾವಾಗ ಎನ್ನುವಲ್ಲಿಗೆ ಮಾತು ಬಂದಿತ್ತು. ಹುಡುಗನ ತಂದೆ ಗುರುಸಿದ್ಧಪ್ಪನವರು ಅಕ್ಕಲಕೋಟದಲ್ಲಿ ತೊಗರಿ ವ್ಯಾಪಾರಿ. ಎತ್ತರದ ಆಳು, ಬಿಳಿ ಮೀಸೆ, ಮಾತು ಕಡಿಮೆ. ನಮ್ಮ ಮನೆಗೆ ಬಂದಾಗ ಒಂದೂವರೆ ತಾಸು ಕೂತು ಮೂರು ಮಾತು ಆಡಿದ್ದರು, ಅದರಲ್ಲಿ ಎರಡು "ಸಾಕ್ರಿ". ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ನಾವು ಗಂಡಹೆಂಡತಿ ಹದಿನೈದು ದಿನ ಒದ್ದಾಡಿದೆವು. ಮಗಳು ಫೋನು ಕೆಳಗಿಡದೆ ಓಡಾಡುತ್ತಿದ್ದಳು.

ಅಂಥದರಲ್ಲಿ ಶನಿವಾರ ದೇಶಪಾಂಡೆ ಸಾಹೇಬರ ಫೋನು. ಮರುದಿನದ ಸ್ಪರ್ಧೆಗೆ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಿ ಜೋಡಿ ಮಾಡಿದ್ದರು. "ತುಮಚಾ ಪಾರ್ಟನರ್ ನವೀನ್ ಆಹೇ. ಅಕ್ಕಲಕೋಟಚೆ ಗುರುಸಿದ್ಧಪ್ಪ" ಎಂದರು, ಅಂದರೆ ನನ್ನ ಜೋಡಿ ಹೊಸಬರು, ಅಕ್ಕಲಕೋಟದ ನಮ್ಮ ಬೀಗರು. ಮೊಣಕಾಲು ನೋವಿಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅವರೂ ಎರಡು ತಿಂಗಳಿಂದ ವಾರದ ನಡುವೆ ಬಂದು ಆಡುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಫೋನು ಇಟ್ಟು ಶಾಂತಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನೋಡ್ರಿ, ಬೀಗರ ಮುಂದ ಗೆಲ್ಲಬ್ಯಾಡ್ರಿ" ಎಂದಳು.

"ಗೆಲ್ಲೂದು ನನ್ನ ಕೈಯಾಗ ಎಲ್ಲೈತಿ?"

"ಹಂಗಂತ ಭಾಳ ಸೋಲೂಬ್ಯಾಡ್ರಿ. ಇಂಥಾ ಮನಿ ಹುಡುಗಿ ಏನ ತರೂದು ಅಂದ್ಕೋತಾರ."

ಇಷ್ಟು ಸೂಚನೆಯನ್ನು ತಲೆಯಲ್ಲಿ ಇಟ್ಟುಕೊಂಡು ಯಾರಿಗಾದರೂ ಚೆಂಡು ಹೊಡೆಯಲು ಆಗುತ್ತದೆಯೇ?

ಭಾನುವಾರ ಬೆಳಗ್ಗೆ ಆರೂವರೆಗೆ ಬೇವಿನ ಮರದ ಕೆಳಗೆ ಭೇಟಿಯಾದೆವು. ಎಂಟರ ನಂತರ ಸೊಲ್ಲಾಪುರದ ಬಿಸಿಲಿನಲ್ಲಿ ನಿಲ್ಲಲಾಗದು ಎಂದು ಆಟ ಬೇಗ. ಗುರುಸಿದ್ಧಪ್ಪನವರು ಧೋತರ ಬಿಟ್ಟು ಪ್ಯಾಂಟು ಹಾಕಿದ್ದರು, ತಲೆಗೆ ಮಾತ್ರ ಗಾಂಧಿ ಟೋಪಿ. ನಾನು ಎರಡೂ ಕೈ ಜೋಡಿಸಿದೆ. ಅವರೂ ಜೋಡಿಸಿದರು. ಕಾರ್ಡು ಅದಲುಬದಲು ಮಾಡಿಕೊಂಡೆವು. ಅವರ ಕಾರ್ಡು ನನ್ನ ಕೈಗೆ ಬಂದ ಕೂಡಲೇ ನನಗೆ ಬೆವರು ಒಡೆಯಿತು. ಹೆಣ್ಣಿನ ತಂದೆಯಾಗಿ ನಾನು ಅವರ ಮುಂದೆ ಎಲೆ ಹಾಕಬೇಕು, ಹೋಳಿಗೆ ಬಡಿಸಬೇಕು, ಬೇಡ ಎಂದರೂ ತುಪ್ಪ ಸುರಿಯಬೇಕು. ಅದು ಬಿಟ್ಟು ಪೆನ್ಸಿಲ್ ಹಿಡಿದು ಅವರ ಹಿಂದೆ ಹಿಂದೆ ನಡೆದು ಅವರು ಎಷ್ಟು ಸಲ ತಪ್ಪಿದರು ಎಂದು ಬರೆಯಬೇಕು.

ಮೊದಲ ಕುಳಿಯಲ್ಲಿ ಅವರಿಗೆ ಏಳು ಹೊಡೆತ ಬಿದ್ದವು. ನಾನು ಸ್ಪಷ್ಟವಾಗಿ ಎಣಿಸಿದೆ, ಬೇರೆಯವರ ಹೊಡೆತವಲ್ಲವೇ. "ಎಷ್ಟ ಬರೀಲಿರಿ ಬೀಗರ?" ಎಂದು ಮರ್ಯಾದೆಗೆ ಕೇಳಿದೆ. "ನೀವ ನೋಡೀರಲ್ರಿ" ಎಂದು ಅವರು ಮುಂದೆ ನಡೆದರು. ಇದಕ್ಕೆ ಏನರ್ಥ? ನೋಡಿದ್ದನ್ನು ಬರೆಯಿರಿ ಎಂದೋ, ನೋಡಿಯೂ ಬರೆಯುತ್ತೀರೇನು ಎಂದೋ? ನಮ್ಮ ಕಡೆ ಬೀಗರು ಊಟಕ್ಕೆ ಕೂತಾಗ ಅವರು ಎಷ್ಟು ಹೋಳಿಗೆ ತಿಂದರು ಎಂದು ಯಾರೂ ಎಣಿಸುವುದಿಲ್ಲ. ಐದು ತಿಂದು ಎದ್ದವರಿಗೆ, "ಏನ್ರಿ ಬೀಗರ, ಎರಡಕ್ಕ ಎದ್ದ ಬಿಟ್ರಿ" ಎನ್ನುವುದು ಪದ್ಧತಿ. ಆ ಐದು ಎರಡಾದದ್ದಕ್ಕೆ ಯಾರೂ ಯಾರನ್ನೂ ಸುಳ್ಳುಗಾರ ಎಂದಿಲ್ಲ. ನನ್ನ ಕೈ ಆ ಪದ್ಧತಿಯಲ್ಲಿ ಬೆಳೆದದ್ದು. ಅದು ತಾನಾಗಿಯೇ ಆರು ಎಂದು ಬರೆಯಿತು.

ನಾಲ್ಕನೆಯ ಕುಳಿಯಲ್ಲಿ ಅವರ ಚೆಂಡು ಜಾಲಿ ಕಂಟಿಯೊಳಗೆ ಹೋಯಿತು. ಅದನ್ನು ಎತ್ತಿ, ಒಂದು ಹೊಡೆತ ದಂಡ ಹಾಕಿಕೊಂಡು ಹೊರಗಿಟ್ಟು ಆಡಬಹುದಿತ್ತು. ಅವರು ಹಾಗೆ ಮಾಡುವವರಲ್ಲ. ಒಳಗೇ ನುಗ್ಗಿ, ಟೋಪಿಗೆ ಮುಳ್ಳು ಸಿಕ್ಕಿಸಿಕೊಂಡು, ನಾಲ್ಕು ಸಲ ಬಡಿದರು. ಚೆಂಡಿಗಿಂತ ಮೊದಲು ಒಂದು ಓತಿಕ್ಯಾತ ಹೊರಗೆ ಬಂತು. ಒಟ್ಟು ಹತ್ತಾದವು. ಬೆವರು ಒರೆಸಿಕೊಳ್ಳುತ್ತ ನಿಂತ ಅವರ ಮುಖ ನೋಡಿ ನನಗೆ ನಿಜವಾಗಿಯೂ ಮರುಕವಾಯಿತು. ಎಂಟು ಎಂದು ಬರೆದೆ. ಅಷ್ಟು ಬರೆದ ಮೇಲೆ ನಾನು ಬಹಳ ಒಳ್ಳೆಯ ಮನುಷ್ಯ ಎಂಬ ಭಾವನೆ ಬಂದು, ಐದನೆಯ ಕುಳಿಯನ್ನು ಹಗುರ ಮನಸ್ಸಿನಿಂದ ಆಡಿದೆ.

ಆರನೆಯದು ನನ್ನ ಪಾಲಿಗೆ ಬಂತು. ನನ್ನ ಚೆಂಡು ಎರಡು ಕಲ್ಲಿನ ನಡುವೆ ಕೂತಿತ್ತು. ಬೀಗರು ಅತ್ತ ಐವತ್ತು ಮಾರು ದೂರ ತಮ್ಮ ಚೆಂಡು ಹುಡುಕುತ್ತಿದ್ದರು. ಇತ್ತ ಮಾಳಪ್ಪ ಕೋಲಿಗೆ ಗದ್ದ ಊರಿ ನಿಂತಿದ್ದ. ಬೀಸಿದೆ, ತಗಲಲಿಲ್ಲ. ಮತ್ತೆ ಬೀಸಿದೆ, ಮತ್ತೂ ತಗಲಲಿಲ್ಲ. ಮೂರನೆಯ ಸಲ ಚೆಂಡು ಹಾರಿತು. ಗಾಳಿಗೆ ಬೀಸಿದ್ದೂ ಹೊಡೆತವೇ, ಹೊಡೆಯಬೇಕೆಂದು ಬೀಸಿದರೆ ಮುಗಿಯಿತು ಎಂದು ದೇಶಪಾಂಡೆ ಸಾಹೇಬರು ನೂರು ಸಲ ಹೇಳಿದ್ದಾರೆ. ಕುಳಿ ಮುಗಿದು ಬೀಗರು ನನ್ನ ಕಡೆ ನೋಡಿದಾಗ ನಾನು "ಏಳ್ರಿ" ಎಂದೆ. ದೇವರ ಆಣೆ, ಆ ಗಳಿಗೆಯಲ್ಲಿ ನನಗೆ ಏಳೇ ಎನ್ನಿಸಿತ್ತು. ಹತ್ತು ಹೆಜ್ಜೆ ನಡೆದ ಮೇಲೆ ಹಿಂದಿನಿಂದ ಮಾಳಪ್ಪನ ದನಿ ಬಂತು.

"ಸಾವ್ಕಾರ್ರ, ಗಾಳೀಗಿ ಬಡದ ಎರಡ ಏಟ ಕುರಿ ತಿಂದ್ವೇನ್ರಿ?"

ಒಂಬತ್ತು! ಬೀಗರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವರು ಗಾಂಧಿ ಟೋಪಿ ಸರಿಮಾಡಿಕೊಂಡು ಕಾರ್ಡಿನಲ್ಲಿ ಏನೋ ಬರೆದು ಜೇಬಿಗೆ ಹಾಕಿದರು. ನಾನು ಆಗಲೇ ಹೋಗಿ, ತಪ್ಪಾಯಿತು ಒಂಬತ್ತು ಬರೆಯಿರಿ ಎನ್ನಬೇಕಿತ್ತು. ಎನ್ನಲಿಲ್ಲ. ಹುಡುಗಿಯ ತಂದೆ ಎಣಿಕೆಯಲ್ಲಿ ಸುಳ್ಳು ಹೇಳಿದ ಎಂದು ಅಕ್ಕಲಕೋಟಕ್ಕೆ ಸುದ್ದಿ ಹೋದರೆ ಎಂದು ಭಯವಾಯಿತು. ಉಳಿದ ಮೂರು ಕುಳಿಗಳನ್ನು ನಾನು ಹೇಗೆ ಆಡಿದೆನೋ ನನಗೇ ಗೊತ್ತಿಲ್ಲ. ಇದೇ ಯೋಚನೆಯಲ್ಲಿ ನಡೆಯುತ್ತಿದ್ದಾಗ, ಎಂಟನೆಯ ಕುಳಿಯ ಹತ್ತಿರ, ಇನ್ನೊಂದು ಸಂಗತಿ ಹೊಳೆದು ಕಾಲು ಅಲ್ಲೇ ನಿಂತುಬಿಟ್ಟವು. ನಾನು ಬೀಗರಿಗೆ ಮಾಡಿದ ಉಪಕಾರ! ಮೂರು ಹೊಡೆತ ಕಡಿಮೆ ಇರುವ ಆ ಕಾರ್ಡಿಗೆ ಅವರು ನಂಬಿ ಸಹಿ ಹಾಕಿದರೆ ಬಾದ ಆಗುವವರು ಅವರೇ. ಬೀಗರ ಹೆಸರನ್ನು ನಾನೇ ಕೈಯಾರೆ ಕರಿಹಲಗೆಗೆ ಏರಿಸಲು ಹೊರಟಿದ್ದೆ.

ಆಟ ಮುಗಿಯಿತು. ಬೇವಿನ ಕೆಳಗೆ ಒಂದು ಮೇಜು, ಮೇಜಿನ ಆಚೆ ದೇಶಪಾಂಡೆ ಸಾಹೇಬರು, ಅವರ ತಲೆಯ ಮೇಲೆ ಕರಿಹಲಗೆ. ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಕಾರ್ಡು ಮರಳಿ ಬದಲು ಮಾಡಿಕೊಂಡೆವು. ನನ್ನ ಕಾರ್ಡಿನಲ್ಲಿ ನಾನು ನೇರ ಆರನೆಯ ಕುಳಿ ನೋಡಿದೆ. ಒಂಬತ್ತು. ದುಂಡಗೆ, ತಿದ್ದುಪಡಿ ಇಲ್ಲದ ಒಂಬತ್ತು. ಅಂದರೆ ಅವರು ಕೇಳಿದ್ದರು. ನಾನು ಏಳು ಎಂದದ್ದನ್ನೂ ಕೇಳಿದ್ದರು. ತಲೆ ಎತ್ತಿ ನೋಡಿದರೆ ಅವರು ತಮ್ಮ ಕಾರ್ಡನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡುತ್ತಿದ್ದರು.

"ಬೀಗರ, ಇದರ ಮ್ಯಾಲ ಹೆಸರ ನಂದೈತಿ. ಆಟ ನಂದಲ್ರಿ" ಎಂದರು.

ಆಮೇಲೆ ಬಲಗಡೆಯ ಜೇಬಿಗೆ ಕೈ ಹಾಕಿ ಒಂದು ಮುಷ್ಟಿ ತೊಗರಿ ಕಾಳು ತೆಗೆದು ಕಟ್ಟೆಯ ಮೇಲೆ ಸುರಿದರು. ಎಡ ಜೇಬಿನಲ್ಲಿ ಕಾಳು ತುಂಬಿಕೊಂಡು ಬಂದು, ಒಂದೊಂದು ಹೊಡೆತಕ್ಕೆ ಒಂದೊಂದು ಕಾಳನ್ನು ಬಲಕ್ಕೆ ಹಾಕಿಕೊಳ್ಳುವುದು ಅವರ ಪದ್ಧತಿಯಂತೆ. ತೊಗರಿ ವ್ಯಾಪಾರಿಗೆ ತೊಗರಿಯ ಮೇಲೆ ಇರುವಷ್ಟು ನಂಬಿಕೆ ಪೆನ್ಸಿಲ್ಲಿನ ಮೇಲೆ ಇರುವುದಿಲ್ಲ. ಐದೈದರ ಗುಂಪು ಮಾಡಿ ಬೆರಳಿನಿಂದ ಸರಿಸಿ ಎಣಿಸಿದರು. ಐವತ್ತೇಳು. ನಾನು ಬರೆದದ್ದು ಐವತ್ನಾಲ್ಕು.

"ಮೂರ ಕಾಳ ಎಲ್ಲಿ ಹ್ವಾದ್ವರಿ?" ಎಂದರು. ನಾನು ಏನಾದರೂ ಹೇಳುವ ಮೊದಲೇ ಅವರ ಮುಖ ಬದಲಾಯಿತು. "ಕಮ್ಮಿ ಇದ್ದ ಕಾರ್ಡಿಗಿ ಸಹಿ ಮಾಡಿದ್ರ ಬಾದ ಅಲ್ಲೇನ್ರಿ? ನನ್ನ ಬಾದ ಮಾಡಾಕ ಬರದೀರೇನ ಇದನ್ನ?"

ಇಲ್ಲಿ ನನ್ನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ತುಪ್ಪ ಸುರಿಯಲು ಹೋದವನನ್ನು ವಿಷ ಹಾಕಲು ಬಂದೆಯಾ ಎಂದು ಕೇಳಿದ ಹಾಗಾಯಿತು. ವೈಶಾಲಿಯ ಮುಖ ಕಣ್ಣ ಮುಂದೆ ಬಂತು. ಮನೆಗೆ ಹೋಗಿ ಏನೆಂದು ಹೇಳಲಿ? ಮಗಳೇ, ನಿನ್ನ ಮದುವೆ ಜಾಲಿ ಕಂಟಿಯಲ್ಲಿ ಸಿಕ್ಕಿಬಿತ್ತು ಎನ್ನಲೇ?

"ಇಲ್ರೀ ಬೀಗರ, ಖರೇನ ಹೇಳ್ತೀನಿ" ಎಂದೆ. "ಊಟಕ್ಕ ಕುಂತಾಗ ನಿಮ್ಮ ಹೋಳಿಗಿ ಎಣಸಾಕಾಗ್ತೈತೇನ್ರಿ? ಹಂಗ ಇದನ್ನೂ ಎಣಸಬಾರದು ಅಂತ ಮೊದಲಿನ ಕುಳ್ಯಾಗ ಒಂದ ಬಿಟ್ಟೆ. ಕಂಟ್ಯಾಗ ನೀವು ಪಟ್ಟ ತ್ರಾಸ ನೋಡಿ ಮತ್ತೆರಡ ಬಿಟ್ಟೆ. ಬಾದಿನ ನೆನಪು ನನಗ ಎಂಟನೇ ಕುಳಿಗಿ ಬಂತ್ರಿ. ಮತ್ತ... ಆ ಏಳು ಏಳಲ್ರಿ. ಒಂಬತ್ತ. ಗಾಳೀಗಿ ಎರಡ ಹೊಡದಿದ್ದೆ. ಹೇಳಾಕ ಬಾಯಿ ಬರಲಿಲ್ಲ."

ಅವರ ಮೀಸೆ ಒಮ್ಮೆ ಅಲುಗಿತು. ಆಮೇಲೆ ಅವರು ನಗಲು ಶುರು ಮಾಡಿದರು ನೋಡಿ, ಕಟ್ಟೆಯ ಮೇಲಿನ ಐದೈದರ ಗುಂಪುಗಳೆಲ್ಲ ಕದಡಿಹೋದವು. ಒಂದೂವರೆ ತಾಸು ಮೂರು ಮಾತಿನಲ್ಲಿ ಕಳೆದಿದ್ದ ಮನುಷ್ಯ ಟೋಪಿ ತೆಗೆದು ತೊಡೆಗೆ ಬಡಿದುಕೊಂಡು ನಗುತ್ತಿದ್ದರು.

"ಅಲ್ರೀ, ಆರನೇ ಕುಳಿಯಿಂದ ಇಲ್ಲೀತನಾ ನನ್ನ ಜೀವಾ ಏನ ಕುದ್ದೈತಿ ಗೊತ್ತೇನ್ರಿ?" ಎಂದರು. "ಆ ಕುರುಬ ಅಂದದ್ದ ಕೇಳಿಸ್ತು. ನಾನೂ ದೂರಿಂದ ನೋಡಿದ್ದೆ. ಏಳ ಬರದ್ರ ನಾವಿಬ್ರೂ ಸರೀಸಮ ಆಗ್ತಿದ್ವಿ. ಒಂಬತ್ತ ಬರದ್ರ ನಾ ಮ್ಯಾಲ, ನೀವ ಕೆಳಗ. ಹುಡುಗನ ಅಪ್ಪ ತಾ ಗೆಲ್ಲಾಕ ಹುಡುಗಿ ಅಪ್ಪಂದ ಎರಡ ಹೆಚ್ಚ ಬರದಾನ ಅಂತ ನೀವು ಅಂದ್ರ ನಾ ಯಾರ ಮುಂದ ಹೇಳ್ಲಿ? ನಮ್ಮ ಹುಡುಗ ಅಂತೂ ನಿನ್ನಿಯಿಂದ ‘ಅಪ್ಪಾ, ಸುಮ್ಮ ನಕ್ಕೋತ ಆಡಿ ಬರ್ರಿ’ ಅಂತ ಬೆನ್ನ ಹತ್ಯಾನ. ಕಡೀಕ, ಮುರದ್ರ ಇಲ್ಲೇ ಬೇವಿನ ಗಿಡದ ಬುಡಕ ಮುರೀಲಿ, ಮದುವಿ ಹಂದರ ಹಾಕಿದ ಮ್ಯಾಲ ಮುರಿಯೂದು ಬ್ಯಾಡ ಅಂತ ಒಂಬತ್ತ ಬರದ್ಯಾ."

ಕೇಳುತ್ತ ಕೇಳುತ್ತ ನನ್ನ ಎದೆಯ ಮೇಲೆ ಕೂತಿದ್ದ ಟಗರು ಎದ್ದು ಹೋದ ಹಾಗಾಯಿತು. ಹದಿನೈದು ದಿನದಿಂದ ನಾನು ಅವರ ಮನಸ್ಸಿನಲ್ಲಿ ಏನಿದೆ ಎಂದು ಹೆದರಿದ್ದೆ, ಅವರು ನನ್ನ ಮನಸ್ಸಿನಲ್ಲಿ ಏನಿದೆ ಎಂದು ಹೆದರಿದ್ದರು. ನಾನೂ ನಕ್ಕೆ. ಸ್ವಲ್ಪ ಕಣ್ಣೀರೂ ಬಂತು, ಟೋಪಿಯಿಂದ ಹಾರಿದ ಧೂಳು ಎಂದು ಒರೆಸಿಕೊಂಡೆ. ಗದ್ದಲ ಕೇಳಿ ದೇಶಪಾಂಡೆ ಸಾಹೇಬರು ಮೇಜು ಬಿಟ್ಟು ಎದ್ದು ಬಂದು, "ಕಾಯ್ ಝಾಲಂ ಹೋ?" ಎಂದು, ಏನಾಯಿತೆಂದು ಸಿಟ್ಟಿನಿಂದಲೇ ಕೇಳಿದರು. ಇಬ್ಬರೂ ನಡೆದದ್ದನ್ನು ನಡೆದ ಹಾಗೆ ಹೇಳಿದೆವು. ಗೊತ್ತಿದ್ದೂ ತಪ್ಪು ಬರೆದವನೂ ಹೊರಗೆ ಎಂಬ ನಿಯಮ ನೆನಪಾಗಿ ನಾನು ಕರಿಹಲಗೆಯ ಕಡೆ ನೋಡಿದೆ. ಅವರು ಕನ್ನಡಕ ಏರಿಸಿ ಕಾರ್ಡು ತಿರುಗಿಸಿ ನೋಡಿದರು. ಕಾರ್ಡು ಇನ್ನೂ ಮೇಜಿಗೆ ಬಂದಿಲ್ಲ, ಬರುವ ಮೊದಲು ತಿದ್ದಿಕೊಂಡರೆ ಅಡ್ಡಿಯಿಲ್ಲ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ತಪ್ಪು ಅಂಕಿಗೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಅದರ ಮುಂದೆ ಇಬ್ಬರೂ ಸಣ್ಣ ಸಹಿ ಹಾಕಬೇಕು. ಹಾಕಿದೆವು. ಆರು ಹೋಗಿ ಏಳಾಯಿತು, ಎಂಟು ಹೋಗಿ ಹತ್ತಾಯಿತು. ನನ್ನ ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಫಲಿತಾಂಶ ಕೇಳುತ್ತೀರಾ? ಹದಿನಾಲ್ಕು ಜನರಲ್ಲಿ ಬೀಗರು ಹದಿಮೂರನೆಯವರು, ನಾನು ಹದಿನಾಲ್ಕನೆಯವನು. ಎಲ್ಲರ ಅಂಕಿ ಬರೆದ ಅದೇ ಹಲಗೆಯ ತೀರಾ ತಳದಲ್ಲಿ ನಮ್ಮಿಬ್ಬರ ಹೆಸರು ಒಂದರ ಕೆಳಗೊಂದು ಇದ್ದವು. ಮುಂದೆ ಬರೀ ಅಂಕಿ, ಮತ್ತೇನೂ ಇಲ್ಲ. ನಾನು ಗೆದ್ದವರಿಗಿಂತ ಹೆಚ್ಚು ಹೊತ್ತು ಆ ಹಲಗೆಯ ಮುಂದೆ ನಿಂತಿದ್ದೆ. ಮಾಳಪ್ಪ ಬಂದು, "ಸಾವ್ಕಾರ್ರ, ಕಡೇ ನಂಬರ ಬಂದ್ರೂ ನಗಾಕತ್ತೀರಲ್ರಿ" ಎಂದ. ಅವನಿಗೆ ಚಹಾ ಕುಡಿಸಿದೆ. ಅವನು ಅಂದ ಒಂದು ಮಾತಿಗೆ ನಾನು ಆ ದಿನ ಊಟವನ್ನೇ ಹಾಕಿಸಬೇಕಿತ್ತು. ಮನೆಗೆ ಬಂದು ಎಲ್ಲ ಹೇಳಿದಾಗ ಶಾಂತಾ ಮೊದಲು ಹಣೆ ಬಡಿದುಕೊಂಡಳು, ಆಮೇಲೆ ದೇವರ ಮುಂದೆ ದೀಪ ಹಚ್ಚಿದಳು. ವೈಶಾಲಿ ಫೋನು ಮೇಜಿನ ಮೇಲೆ ಇಟ್ಟು ಬಂದು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಮುಂದಿನ ಗುರುವಾರ ಅಕ್ಕಲಕೋಟದವರು ಸಾಕರಪುಡಾಕ್ಕೆ ಬಂದರು. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹಿರಿಯರು ಕೂತು ‘ಯಾದಿ’ ಬರೆಯುತ್ತಾರೆ. ಕಾಗದದ ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ, ಊಟ ಯಾರ ಕಡೆ, ಬಾಸಿಂಗ ಯಾರು ತರಬೇಕು, ವಾಲಗದವರನ್ನು ಯಾರು ಕರೆಯಬೇಕು ಎಂದೆಲ್ಲ ಬರೆದು ಎರಡೂ ಕಡೆಯವರು ಸಹಿ ಹಾಕುವ ಪಟ್ಟಿ ಅದು. ಅದೆಲ್ಲ ಕಾಲು ತಾಸಿನಲ್ಲಿ ಮುಗಿಯಿತು. ನಾನು ಪೆನ್ನು ಮುಚ್ಚುವಷ್ಟರಲ್ಲಿ ಬೀಗರು ತಡೆದರು.

"ಕೆಳಗ ಜಾಗಾ ಉಳದೈತಲ್ರಿ. ನಮ್ಮ ಹುಡುಗಂದ ನಾ ಹೇಳ್ತೀನಿ, ನೀವ ಬರಕೋರಿ. ನಿಮ್ಮ ಹುಡುಗೀದ ನೀವ ಹೇಳ್ರಿ, ನಾ ಬರಕೋತೀನಿ. ಆಮ್ಯಾಲ ಯಾರೂ ನಮಗ ಹೇಳಿರಲಿಲ್ಲ ಅನಬಾರದು."

ಚಾಪೆಯ ಮೇಲೆ ಕೂತವರೆಲ್ಲ ನಕ್ಕರು. ಅವರು ಮಾತ್ರ ಗಂಭೀರವಾಗಿ ಹೇಳುತ್ತ ಹೋದರು. ಹುಡುಗ ಮುಂಜಾನೆ ಎಂಟಕ್ಕೆ ಮೊದಲು ಏಳುವುದಿಲ್ಲ. ಒದ್ದೆ ಟವೆಲು ಹಾಸಿಗೆಯ ಮೇಲೇ ಬಿಸಾಡುತ್ತಾನೆ. ಬದನೆಕಾಯಿ ಪಲ್ಯ ಮುಟ್ಟುವುದಿಲ್ಲ. ಹುಡುಗ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ. ನಾನು ಒಂದೂ ಬಿಡದೆ ಬರೆದುಕೊಂಡೆ. ಟವೆಲಿನ ವಿಷಯಕ್ಕೆ ನನಗೆ ಸ್ವಲ್ಪ ನೋವಾಯಿತು, ಆದರೂ ಬರೆದೆ.

ಆಮೇಲೆ ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಕಡೆ ನೋಡಿದರು. ನಮ್ಮ ವೈಶಾಲಿಯ ಸ್ವಭಾವ ಬಹಳ ಶಾಂತ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. ಆ ಭಾನುವಾರದಿಂದ ಈಚೆಗೆ ನಾನು ಬದಲಾದ ಮನುಷ್ಯನಾಗಿದ್ದೆ. ನೆಟ್ಟಗೆ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಹುಡುಗಿ ಬಂಗಾರದಂಥಾಕಿ ಖರೇ. ಆದ್ರ ಸಿಟ್ಟ ಭಾಳ ಐತ್ರಿ. ಒಮ್ಮೆ ಸಿಟ್ಟಿಗೆದ್ದಳಂದ್ರ ಎರಡ ದಿನಾ ಮಾತ ಬಿಡ್ತಾಳ."

ಬೀಗರು ಎರಡು ಎಂದು ಬರೆದರು. ಇಷ್ಟು ಧೈರ್ಯವಾಗಿ ನಿಜ ಹೇಳಿದ್ದಕ್ಕೆ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಮಗಳ ದನಿ ಕೇಳಿತು.

"ನಾಕ್ರಿ ಅಪ್ಪಾ. ನಾಕ ದಿನಾ."

ಬೀಗರು ಎರಡಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಾಲ್ಕು ಎಂದು ಬರೆದು, ಸಣ್ಣ ಸಹಿಗೆ ಪೆನ್ನನ್ನು ನನ್ನ ಮುಂದೆ ಹಿಡಿದರು.